ಚೀನಾದ ನಲವತ್ತೊಂದು ಊರು, ಗದಗಿನ ಒಂದು ಶೆಡ್ಡು

ನಾನು ಒಂದು ಕೈಪಿಡಿ. ಕಥೆಯ ಪುಸ್ತಕವಲ್ಲ, ಪದ್ಯದ ಪುಸ್ತಕವಂತೂ ಅಲ್ಲವೇ ಅಲ್ಲ. ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗುವವರು ಜೊತೆಗೆ ಒಯ್ಯಲಿ ಎಂದು ಮುಂಬಯಿಯ ಒಂದು ಮುದ್ರಣಾಲಯದಲ್ಲಿ, ಎರಡು ಸಾವಿರದ ಆರನೆಯ ಇಸವಿಯಲ್ಲಿ ನನ್ನನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ, ಹೊಲಿದು, ಅಂಟಿಸಿದರು. ನನ್ನ ಹೊಟ್ಟೆಯೊಳಗೆ ನಲವತ್ತೊಂದು ಊರುಗಳಿವೆ. ಎಲ್ಲಿ ಜನ ಎಷ್ಟು, ಕಾರ್ಖಾನೆ ಎಷ್ಟು, ಬಂದರು ಎಷ್ಟು ದೂರ, ಯಾವ ಊರು ಕಾಲುಚೀಲ ಹೆಣೆಯುತ್ತದೆ, ಯಾವ ಊರು ಬೀಗ ಮಾಡುತ್ತದೆ, ಎಲ್ಲ ನನಗೆ ಬಾಯಿಪಾಠ. ಜಂಬವೂ ಸಾಕಷ್ಟಿತ್ತು. ಅಂಗಡಿಯ ಕಪಾಟಿನಲ್ಲಿ ಪಕ್ಕದ ಅಡುಗೆ ಪುಸ್ತಕದ ಜೊತೆ ನಾನು ಮಾತೇ ಆಡುತ್ತಿರಲಿಲ್ಲ.

ಮೊದಲು ನನ್ನನ್ನು ಕೊಂಡವನು ಒಬ್ಬ ಹತ್ತಿಯ ದಲ್ಲಾಳಿ. ಚೀನಾದವರೆಗೆ ಒಯ್ದ, ವಾಪಸು ತಂದ, ಒಂದು ಪುಟವನ್ನೂ ತಿರುವಲಿಲ್ಲ. ನನ್ನ ಮೇಲೆ ಚಹಾದ ಲೋಟ ಇಟ್ಟದ್ದಷ್ಟೇ ಅವನು ಮಾಡಿದ ಓದು. ಆಮೇಲೆ ಹತ್ತಿ ಖರೀದಿಗೆಂದು ಗದಗಿಗೆ ಬಂದವನು ಲಾಡ್ಜಿನ ಕೋಣೆಯಲ್ಲಿ ನನ್ನನ್ನು ಮರೆತು ಹೋದ. ಲಾಡ್ಜಿನ ಮ್ಯಾನೇಜರು ನನ್ನಿಂದ ನೊಣ ಹೊಡೆಯುತ್ತಿದ್ದರು.

ಅಲ್ಲಿಗೆ ಒಂದು ದಿನ ಮೌನೇಶಪ್ಪ ಕಂಚಗಾರ ಬಂದರು. ಗದಗಿನಲ್ಲಿ ಶಾವಿಗೆ ಯಂತ್ರ ಮಾಡುವ ಶೆಡ್ಡು ಅವರದು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದು, ಕೈಯಿಂದ ಹಿಡಿಕೆ ತಿರುಗಿಸುವ ಯಂತ್ರ. ಲಾಡ್ಜಿನ ಅಡುಗೆಮನೆಯಲ್ಲಿದ್ದ ಅಂಥದೇ ಒಂದನ್ನು ರಿಪೇರಿ ಮಾಡಲು ಬಂದವರ ಕಣ್ಣು ನನ್ನ ಮುಖಪುಟದ ಕಾರ್ಖಾನೆಯ ಚಿತ್ರದ ಮೇಲೆ ಬಿತ್ತು.

"ಸಣ್ಣ ತೂತು ಕೊರಿಯೋ ಮಷಿನ್ ಎಲ್ಲಿ ಸಿಗ್ತಾವ ಅಂತ ಇದರಾಗ ಇದ್ದೀತೇನ್ರಿ?"

"ಇದ್ರೂ ಇರಬೌದು. ಒಯ್ರಿ. ನೊಣಕ್ಕ ಬ್ಯಾರೆ ಏನರ ನೋಡ್ಕೋತೀನಿ," ಎಂದರು ಮ್ಯಾನೇಜರು.

ಹೀಗೆ ನಾನು ಶೆಡ್ಡಿಗೆ ಬಂದೆ. ಅಲ್ಲಿ ಹನ್ನೊಂದು ಜನ ದುಡಿಯುತ್ತಿದ್ದರು. ಯಂತ್ರದ ಜೀವವೆಲ್ಲ ಅದರ ಹಿತ್ತಾಳೆಯ ಬಿಲ್ಲೆಯಲ್ಲಿ. ಹಿಟ್ಟು ಎಳೆಯಾಗಿ ಇಳಿಯಲು ಅದರಲ್ಲಿ ನೂರಕ್ಕೂ ಹೆಚ್ಚು ಸಣ್ಣ ತೂತು. ಅವನ್ನು ಒಂದೊಂದಾಗಿ ಕೊರೆಯುತ್ತಿದ್ದವರು ಹುಸೇನಸಾಬರು. ಮೂವತ್ತು ವರ್ಷದಿಂದ ಅದೇ ಕೆಲಸ. ಈಗ ಅವರ ಕಣ್ಣು ಮಂಜಾಗುತ್ತಿತ್ತು. ಆ ಕೆಲಸ ಬೇರೆ ಯಾರ ಕೈಗೂ ಹತ್ತಿರಲಿಲ್ಲ. ಹುಸೇನಸಾಬರ ಕಣ್ಣು ಹೋದ ದಿನ ಶೆಡ್ಡಿಗೂ ಬೀಗ ಎಂದು ಮೌನೇಶಪ್ಪನವರಿಗೆ ಗೊತ್ತಿತ್ತು. ಅದಕ್ಕೇ ಕೊರೆಯುವ ಯಂತ್ರ ಬೇಕಾಗಿತ್ತು.

ಮಗಳು ನೀಲಾ ಕಾಲೇಜಿನಿಂದ ಬಂದು ನನ್ನನ್ನು ಓದಿ ಹೇಳುತ್ತಿದ್ದಳು. ಕಠಿಣ ಪದಗಳ ಅರ್ಥವನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆಯುತ್ತಿದ್ದಳು. ನನಗೆ ಕನ್ನಡ ಬಂದದ್ದು ಆ ಪೆನ್ಸಿಲಿನಿಂದಲೇ. ಬೇಕಾದ ಯಂತ್ರ ನೂರಾ ಎಂಬತ್ತೇಳನೆಯ ಪುಟದ ಊರಿನಲ್ಲಿ ಸಿಗುತ್ತದೆ ಎಂದು ತಿಳಿದಾಗ ಅಪ್ಪ ಮಗಳಿಬ್ಬರೂ ಕುಣಿದರು. ಆ ಊರಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅಲ್ಲಿನವರು ಕೆಟ್ಟವರಲ್ಲ.

ಕೆಟ್ಟದ್ದು ಮಾಡಿದವನು ನಾನು. ನನ್ನ ಕೊನೆಯಲ್ಲಿ ರೀತಿ ರಿವಾಜಿನ ನಾಲ್ಕು ಪುಟಗಳಿವೆ. ನೀಲಾ ಅವನ್ನೂ ಓದಿದಳು.

"ಅಪ್ಪಾ, ಯಾರರ ಊಟಕ್ಕ ಕರದ್ರ ಗಡಿಯಾರ ಕೊಡಬಾರದಂತ. ನಿಮ್ಮ ಊರಾಗ ತಯಾರಾಗೋ ವಿಶೇಷ ಏನರ ಒಯ್ಯಿರಿ ಅಂತ ಬರದಾರ."

"ಹಂಗಾರ ಇನ್ನೇನ್ ವಿಚಾರ ಮಾಡೂದವಾ? ಒಬ್ಬರ ಮನಿಗೆ ಬರಿಗೈಲೇ ಹೋಗಾಕ ಬರತೈತೇನು? ನಮ್ಮ ಮಷಿನ್ ಐತಲ್ಲ!"

ಹುಸೇನಸಾಬರು ಒಂದು ವಾರ ಕೂತು ಆ ಒಂದು ಯಂತ್ರವನ್ನು ಮಾಡಿದರು. ಬಂಗಾರದ ಹಾಗೆ ತಿಕ್ಕಿ ಹೊಳಪು ಕೊಟ್ಟರು. ಮೌನೇಶಪ್ಪನವರ ಚೀಲದಲ್ಲಿ ಅದೂ ನಾನೂ ಒತ್ತಿಕೊಂಡು ಕುಳಿತು ಚೀನಾಕ್ಕೆ ಹೊರಟೆವು.

ಕೊರೆಯುವ ಯಂತ್ರದ ಕಾರ್ಖಾನೆಯ ಒಡೆಯ ವಯಸ್ಸಿನಲ್ಲಿ ನಮ್ಮ ಯಜಮಾನರ ಸರೀಕ. ಯಂತ್ರದ ಮಾತು ಮುಗಿದ ಮೇಲೆ ಊಟಕ್ಕೆ ಮನೆಗೇ ಕರೆದ. ಹಿಂದಿ ಬಲ್ಲ ದುಭಾಷಿ ಹುಡುಗಿಯೊಬ್ಬಳು ಜೊತೆಗಿದ್ದಳು. ಮೌನೇಶಪ್ಪನವರು ಉಡುಗೊರೆ ಬಿಚ್ಚಿ, ಹಿಟ್ಟು ಕಲಸಿಸಿ, ಒಡೆಯನ ಮುದಿ ತಾಯಿಯ ಕೈಗೇ ಹಿಡಿಕೆ ಕೊಟ್ಟು ತಿರುಗಿಸಲು ಹೇಳಿದರು. ಎಳೆಗಳು ಇಳಿದವು. ಮುದುಕಿ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಶಾವಿಗೆ ಅವರಿಗೂ ಹೊಸದಲ್ಲ; ಇಂಥ ಪುಟ್ಟ ಯಂತ್ರ ಮಾತ್ರ ಹೊಸದು.

ನಿಮ್ಮ ಕಡೆ ಇದು ಎಷ್ಟು ಮನೆಗಳಲ್ಲಿದೆ ಎಂದು ಒಡೆಯ ಕೇಳಿದ. ಮೌನೇಶಪ್ಪನವರು ಎದೆ ಉಬ್ಬಿಸಿ, "ಇಲ್ಲದ ಮನೆಯೇ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದರು. ದುಭಾಷಿ ಹೇಳಿದ್ದನ್ನು ಒಡೆಯ ಕಿರುಪುಸ್ತಕದಲ್ಲಿ ಬರೆದುಕೊಂಡ. ನಾನು ಚೀಲದಲ್ಲೇ ಇದ್ದೆ. ಕೇಳಿ ಹಿಗ್ಗಿದೆ ಕೂಡ. ಎಂಥ ಮಂಕು ನಾನು!

ಕೊರೆಯುವ ಯಂತ್ರ ಹಡಗಿನಲ್ಲಿ ಬಂತು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಶೆಡ್ಡಿನಲ್ಲಿ ಕೂರಿಸಿದರು. ಗುಂಡಿ ಒತ್ತುವುದನ್ನು ಹುಸೇನಸಾಬರೇ ಕಲಿತರು. ಆ ಬೇಸಿಗೆ ಗದಗಿನ ಮಾಳಿಗೆಗಳ ಮೇಲೆಲ್ಲ ನಮ್ಮ ಯಂತ್ರದ ಶಾವಿಗೆ ಒಣಗಿತು. ನಾನು ಕಂಡ ಒಳ್ಳೆಯ ದಿನಗಳೆಂದರೆ ಅಷ್ಟೇ.

ಮರುವರ್ಷ ಚೀನಾದಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಹಗುರವಾದ ಅಲ್ಯುಮಿನಿಯಂ ಶಾವಿಗೆ ಯಂತ್ರ, ಜೊತೆಗೊಂದು ಪತ್ರ. ನೀಲಾ ಓದಿದಳು. 'ನನ್ನ ತಾಯಿಗೆ ನೀವು ಕೊಟ್ಟ ಉಡುಗೊರೆಗೆ ಪ್ರತಿಯಾಗಿ ನಾವು ತಯಾರಿಸಿದ ಮೊದಲ ಯಂತ್ರ ನಿಮಗೆ. ನಿಮ್ಮ ದೇಶದ ವ್ಯಾಪಾರಿಗಳು ತುಂಬ ಕೇಳುತ್ತಿದ್ದಾರೆ. ನಿಮ್ಮಿಂದ ನಮಗೆ ಒಳ್ಳೆಯದಾಯಿತು.' ಪತ್ರದಲ್ಲಿ ಕಪಟವೇನೂ ಇರಲಿಲ್ಲ. ಕಪಟವಿದ್ದರೆ ಬೈಯಬಹುದಿತ್ತು.

ಹುಸೇನಸಾಬರು ಆ ಯಂತ್ರದ ಬಿಲ್ಲೆ ಬಿಚ್ಚಿ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಮಾಲಕ್ರ, ಒಂದು ಮಾತು ಮುಚ್ಚಿಟ್ಟಿದ್ದೆ. ನೀವು ಒಯ್ದ ಬಿಲ್ಲಿ ಒಳಗ ಮೂರನೇ ಸಾಲಿನ್ಯಾಗ ಒಂದು ತೂತು ಸಾಲು ತಪ್ಪಿ ಜಾರಿತ್ತು. ಕಣ್ಣು ಕಾಣಲಿಲ್ಲ. ತಿಕ್ಕಿದ್ರ ಯಾರಿಗೂ ಗೊತ್ತಾಗಂಗಿಲ್ಲ ಅಂತ ಸುಮ್ನಾದೆ. ನೋಡ್ರಿ, ಇದರಾಗೂ ಜಾರೈತಿ."

ಮೌನೇಶಪ್ಪನವರು ನಗಲು ಹೋದರು, ಆಗಲಿಲ್ಲ. ಚೀನಾದವರು ನಮ್ಮ ತಪ್ಪನ್ನೂ ಬಿಡದೆ ನಕಲು ಮಾಡಿದ್ದರು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಂದಿನ ಬೇಸಿಗೆಗೆ ಆ ಯಂತ್ರಗಳು ಹುಬ್ಬಳ್ಳಿಯ ಸಗಟು ಅಂಗಡಿಗಳಿಗೆ ರಾಶಿ ರಾಶಿ ಇಳಿದವು. ಬೆಲೆ ನಮ್ಮದರ ಅರ್ಧ. ಶೆಡ್ಡಿನಲ್ಲಿ ಹನ್ನೊಂದು ಜನ ಏಳಾದರು, ಏಳು ಮೂರಾದರು, ಕೊನೆಗೆ ಹುಸೇನಸಾಬರೂ ಉಳಿಯಲಿಲ್ಲ. "ಚಾಚಾ, ನಾಳಿಂದ ಬರಬ್ಯಾಡ" ಎನ್ನಲು ಮೌನೇಶಪ್ಪನವರಿಗೆ ಬಾಯಿ ಬರಲಿಲ್ಲ. ಅವರು ಹೇಳಲಾರದೆ ನಿಂತದ್ದನ್ನು ನೋಡಿ ಹುಸೇನಸಾಬರೇ ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದರು.

ಕೊರೆಯುವ ಯಂತ್ರ ತುಕ್ಕು ಹಿಡಿಯಿತು. ನೀಲಾ ಮದುವೆಯಾಗಿ ಹೋದಳು. ಹೋಗುವ ಮುಂಚೆ ನನ್ನನ್ನು ಒಮ್ಮೆ ತೆರೆದು, ಉಡುಗೊರೆಯ ಪುಟವನ್ನು ನೋಡಿ, ಹರಿಯದೆ ಮುಚ್ಚಿಟ್ಟಳು. ಹರಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶೆಡ್ಡು ಖಾಲಿ ಮಾಡುವ ದಿನ ಮೌನೇಶಪ್ಪನವರು ಅಳಿದುಳಿದ ಸಾಮಾನಿನೊಂದಿಗೆ ನನ್ನನ್ನೂ ಗೋಣಿಚೀಲಕ್ಕೆ ಹಾಕಿ ಗುಜರಿಗೆ ತಂದರು. ಅಲ್ಲಿ ಕೂಲಿಗೆ ಸೇರಿ ನೆಲದ ಮೇಲೆ ಕುಳಿತಿದ್ದವರು ಹುಸೇನಸಾಬರು. ಸುತ್ತ ನಮ್ಮ ಶೆಡ್ಡಿನ ಹಳೆಯ ಶಾವಿಗೆ ಯಂತ್ರಗಳ ಗುಡ್ಡೆ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂದು ಅಂಗಡಿಗಳು ಸಾರಿದ್ದವಂತೆ; ಹೆಂಗಸರು ಇಪ್ಪತ್ತು ವರ್ಷ ತಿರುಗಿಸಿದ ಯಂತ್ರಗಳನ್ನು ತಂದು ಕೊಟ್ಟಿದ್ದರು. ಹುಸೇನಸಾಬರು ಒಂದೊಂದನ್ನೂ ಎತ್ತಿ, ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಸುತ್ತಿಗೆ ಹಾಕುತ್ತಿದ್ದರು.

"ಎಲ್ಲಾನೂ ಒಡಿಬೇಕೇನು, ಚಾಚಾ?"

"ಒಡಿಬೇಕ್ರಿ. ಹಿತ್ತಾಳಿ ಬ್ಯಾರೆ, ಕಬ್ಬಿಣ ಬ್ಯಾರೆ ಮಾಡದಿದ್ರ ಇಲ್ಲಿ ತಗೊಳ್ಳಂಗಿಲ್ಲ. ಜಂಗ್ ಹಿಡದಾವು, ಒಂದ ಕೈಲೆ ಬಿಚ್ಚಾಕ ಬರವಲ್ವು."

 ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಮೌನೇಶಪ್ಪನವರು. ಅಂಥವರು ನನ್ನನ್ನು ಚೀಲದಿಂದ ತೆಗೆದು, ಎಣ್ಣೆಯ ನೆಲಕ್ಕೆ ಹಾಕಿ, ನನ್ನ ಮೇಲೆ ಕುಳಿತರು. ನನಗೆ ಬೇಸರವಾಗಲಿಲ್ಲ. ನಲವತ್ತೊಂದು ಊರಿನ ಸುದ್ದಿ ಹೊತ್ತವನು ಅವರಿಗೆ ಮಾಡಿದ ಉಪಕಾರ ಅದೊಂದೇ, ಪಂಚೆ ಕೊಳೆಯಾಗದಂತೆ ನೋಡಿಕೊಂಡದ್ದು.

ಅವರು ಒಂದು ಯಂತ್ರವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದರು.

"ನಾ ಹಿಡೀತೀನಿ, ಚಾಚಾ. ನೀ ಹೊಡಿ."