ಶನಿವಾರದ ತೂಕ

“ನಿನ್ನ ಮಗಳು ಓದಿ ಕಿಸಿದ್ದು ಸಾಕು, ಸೋಮವಾರದಿಂದ ಅವಳನ್ನೂ ಇಲ್ಲೇ ನಿಲ್ಲಿಸ್ಕೊ,” ಅಂದ ವಾರ್ಡನ್, ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು. “ಸರಾಸರಿ ಏಳು ಬಂದ್ರೆ ಫೀಸು ಮಾಫಿ. ಬಂದಿರೋದು ಆರೂವರೆ. ಕಾಲೇಜೇನು ನಿಮ್ಮಪ್ಪಂದಾ?”

ಅವ್ವನ ಕೈ ಮೊಣಕೈವರೆಗೂ ತೊಟ್ಟಿಯಲ್ಲಿತ್ತು. ಹಾಸ್ಟೆಲಿನ ಹೊದಿಕೆ, ಪ್ರಯೋಗಶಾಲೆಯ ಬಿಳಿ ಕೋಟು, ಎಲ್ಲ ಅವಳ ಕೈಯಲ್ಲೇ ಬೆಳ್ಳಗಾಗಬೇಕು. ತಲೆ ಎತ್ತದೆಯೇ, “ಏಳು ಬಂದಿದೆ ಸಾಮಿ, ಮಗಳೇ ಲೆಕ್ಕ ಹಾಕಿದ್ಲು,” ಅಂದಳು.

“ಹಾಕಿದ್ಲಂತೆ ಮುಂಡೇದು.” ಅವನು ಈಗಷ್ಟೇ ತೊಳೆದ ನೆಲಕ್ಕೆ ಉಗಿದು ಹೋದ.

ಹಿಂದೆ ಬಕೆಟ್ಟು ಹಿಡಿದು ನಿಂತಿದ್ದ ಮಗಳು ಮೆಲ್ಲಗೆ ಅಂದಳು, “ಅವನು ಹೇಳಿದ್ದೇ ನಿಜ ಅವ್ವ. ಎಂಟು, ಎಂಟು, ಏಳು, ಎಂಟು, ಪ್ರಾಜೆಕ್ಟಿಗೆ ನಾಲ್ಕು. ಎಲ್ಲ ಕೂಡಿಸಿ ಐದರಿಂದ ಭಾಗಿಸ್ದೆ, ಏಳು ಬಂತು. ಹಂಗೆ ಮಾಡಬಾರದಂತೆ.”

“ಮತ್ತೆ ಹೆಂಗೆ?”

“ಒಂದೊಂದು ಪಾಠಕ್ಕೆ ಒಂದೊಂದು ತೂಕ. ಕ್ರೆಡಿಟ್ ಅಂತಾರೆ. ಮಿಕ್ಕವಕ್ಕೆಲ್ಲ ಮೂರು, ಪ್ರಾಜೆಕ್ಟಿಗೆ ಆರು. ಬಂದಿದ್ದನ್ನ ತೂಕದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸ್ಬೇಕು.”

ಅವ್ವ ಕೈಯಲ್ಲಿದ್ದ ಒದ್ದೆ ಕಂಬಳಿಯನ್ನು ನೋಡಿದಳು. “ಕರ್ಚೀಫೂ ಒಂದು, ಕಂಬಳೀನೂ ಒಂದು ಅಂತ ಎಣಿಸಿದಂಗಾಯ್ತು.”

“ಹೂಂ. ನಾನು ಕೈಬಿಟ್ಟಿದ್ದು ಕಂಬಳೀನೇ.”

ಕೈಬಿಟ್ಟಿದ್ದು ಅವಳೊಬ್ಬಳೇ ಅಲ್ಲ. ಶನಿವಾರ ಇಡೀ ಹಾಸ್ಟೆಲಿನ ರಾಶಿ ಒಮ್ಮೆಗೇ ಬಂದು ಬೀಳುತ್ತಿತ್ತು. “ಇನ್ನೊಂದು ಕೈ ತಾ, ಇಲ್ಲ ಜಾಗ ಖಾಲಿ ಮಾಡು,” ಅಂದಿದ್ದ ವಾರ್ಡನ್. ತಾಯಿ ಮಗಳು ಕೂತು ಯೋಚಿಸಿದ್ದರು. ಪ್ರಾಜೆಕ್ಟು ವಾರಕ್ಕೆ ಒಂದೇ ದಿನ, ಅದೂ ಶನಿವಾರ. ದಿನಾ ನಡೆಯುವ ಪಾಠ ದೊಡ್ಡದು, ವಾರಕ್ಕೊಮ್ಮೆ ಬರುವುದು ಚಿಕ್ಕದು ಅಂತ ಅದನ್ನೇ ಬಿಟ್ಟಿದ್ದರು. ದಿನಗೂಲಿಯ ಮನೆಯಲ್ಲಿ ಇನ್ನು ಬೇರೆ ಹೇಗೆ ತೋಚೀತು?

ಮಧ್ಯಾಹ್ನ ಇಬ್ಬರೂ ಪ್ರಾಜೆಕ್ಟು ನೋಡಿಕೊಳ್ಳುವ ಪ್ರೊಫೆಸರ ಕೋಣೆಗೆ ಹೋದರು. ಅವರು ಕೂರಲು ಹೇಳಲಿಲ್ಲ. ಅವ್ವನ ಪಾದದಿಂದ ನೆಲಕ್ಕಿಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದರು.

“ಒಂದು ಶನಿವಾರವಾದ್ರೂ ಮುಖ ತೋರಿಸಿದ್ಳಾ? ವರದಿ ಚೆನ್ನಾಗಿ ಬರೆದಿದ್ದಾಳೆ ಅಂತ ನಾಲ್ಕು ಕೊಟ್ಟೆ. ಇಲ್ಲಾಂದ್ರೆ ಸೊನ್ನೆ.”

“ನಾನು ಇಲ್ಲೇ ಹಿಂದುಗಡೆ ಇದ್ದೆ ಸರ್. ನಮ್ಮ ಕ್ಲಾಸಿನ ಕೋಟುಗಳನ್ನೇ ಮೊದಲು ಒಗೆದು ಕೊಟ್ಟು, ಮಿಕ್ಕ ರಾಶಿ ಒಗೀತಿದ್ದೆ.”

ಪ್ರೊಫೆಸರು ಒಂದು ಗಳಿಗೆ ತಮ್ಮ ಕೋಟಿನ ತೋಳಿನತ್ತ ನೋಡಿಕೊಂಡರು. “ಹಾಗಂತ ವಾರ್ಡನ್ ಹೇಳ್ಲಿ, ಅಂಕ ಮತ್ತೆ ನೋಡೋಣ. ಅಲ್ಲಮ್ಮ, ಪಾಸಂತೂ ಆಗಿದ್ದಾಳಲ್ಲ. ನಿಮ್ಮಂಥೋರಿಗೆ ಈ ಸರಾಸರಿ ಗಿರಾಸರಿ ಎಲ್ಲ ಯಾಕೆ?”

ಅಲ್ಲಿಂದ ನೇರ ಬಂದ ಇಬ್ಬರ ಮಾತನ್ನು ವಾರ್ಡನ್ ಹಲ್ಲುಕಡ್ಡಿ ಕಚ್ಚಿಕೊಂಡೇ ಕೇಳಿಸಿಕೊಂಡ. “ನಿನ್ನ ಮಗಳನ್ನ ಇಲ್ಲಿ ಯಾರು ಕೆಲಸಕ್ಕೆ ಇಟ್ಕೊಂಡಿದ್ರೇ? ಸಂಬಳ ತಗೊಳ್ಳೋಳು ನೀನೊಬ್ಳು. ಅವಳು ಯಾವಳೋ ಏನೋ, ನಾನು ಮುಖಾನೇ ನೋಡಿಲ್ಲ.”

ಮಗಳು ಅವನೆದುರಿಗೇ ನಿಂತಿದ್ದಳು.

ಅಂದಿನಿಂದ ಅವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಗೆದದ್ದನ್ನೇ ಮತ್ತೆ ಒಗೆದಳು, ಒಣಗಿದ್ದನ್ನು ಮತ್ತೆ ತಂತಿಗೆ ಹಾಕಿದಳು. “ಕೆಲಸ ಹೋದ್ರೆ ಉಣ್ಣೋದೇನೇ?” ಅಂತ ಒಮ್ಮೆ, “ಓದು ಹೋದ್ರೆ ನೀನೂ ಈ ತೊಟ್ಟೀಲೇ ಕೊಳೀತೀಯಲ್ಲೇ,” ಅಂತ ಇನ್ನೊಮ್ಮೆ. ಮಗಳು ಎರಡಕ್ಕೂ ಹೂಂ ಅಂದಳು.

ಫೀಸು ಕಟ್ಟಲು ಇನ್ನೂ ತಿಂಗಳ ಗಡುವಿತ್ತು. ಹೊಸ ಸೆಮಿಸ್ಟರಿಗೂ ಪ್ರಾಜೆಕ್ಟು ಶನಿವಾರವೇ ಬಂತು. ಬೆಳಿಗ್ಗೆ ರಾಶಿ ಬಂದು ಬಿತ್ತು, ಕ್ಲಾಸಿನ ಕೋಟುಗಳೂ ಅದರಲ್ಲೇ. ಅವ್ವ ನಲ್ಲಿ ತಿರುಗಿಸಿದಳು, ನೀರು ಬೀಳುವುದನ್ನು ನೋಡಿದಳು, ನಿಲ್ಲಿಸಿದಳು.

“ಏಳೇ, ಕ್ಲಾಸಿಗೆ ಹೋಗೋಣ.”

“ಹೋಗೋಣ ಅಂದ್ರೆ? ನೀನೂನಾ?”

“ನೀನೊಬ್ಳೇ ಹೋದ್ರೆ ಕಿವಿ ಹಿಡಿದು ಎಳ್ಕೊಂಡು ಬರ್ತಾನೆ. ನಡಿ.”

ಪ್ರಯೋಗಶಾಲೆಯ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತರು. ಕೋಟಿಲ್ಲದೆ ಒಳಗೆ ಬರುವಂತಿಲ್ಲ ಅಂತ ಹುಡುಗ ಹುಡುಗಿಯರೆಲ್ಲ ಬಾಗಿಲಲ್ಲೇ ಗುಂಪುಗಟ್ಟಿದರು. ಪ್ರೊಫೆಸರು ಅವರನ್ನು ಸರಿಸಿಕೊಂಡು ಬಂದು, “ಏನಮ್ಮ ಇದು? ಕೋಟುಗಳೆಲ್ಲಿ?” ಅಂದರು.

“ಒಗೆಯೋ ಕೈ ಇಲ್ಲಿವೆ ಸರ್. ಶನಿವಾರ ಇಲ್ಲಿರಬೇಕು ಅಂದ್ರಲ್ಲ. ಹಾಜರಿ ಹಾಕ್ಕೊಳ್ಳಿ.”

ಅಷ್ಟರಲ್ಲಿ ವಾರ್ಡನ್ ಏದುಸಿರು ಬಿಡುತ್ತ ನುಗ್ಗಿದ. “ಎದ್ದೇಳೇ ಬೋಳಿ. ರಾಶಿ ಹಂಗೇ ಬಿದ್ದಿದೆ. ಅವಳನ್ನೂ ಎಬ್ಬಿಸು, ಪ್ರತಿ ಶನಿವಾರ ತೊಟ್ಟಿಗೆ ಬರೋಳಿಗೆ ಇವತ್ತೇನು ರೋಗ ಬಂತು?”

ಅವ್ವ ಪ್ರೊಫೆಸರ ಕಡೆ ತಿರುಗಿದಳು. “ಕೇಳಿಸ್ತಾ ಸರ್? ವಾರ್ಡನ್ ಹೇಳ್ಲಿ ಅಂದಿದ್ರಲ್ಲ. ಹೇಳಿದ್ರು.”

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. “ಅದು ನಿಮ್ಮ ನಿಮ್ಮೊಳಗಿನ ವಿಷಯ. ಮೊದ್ಲು ಜಾಗ ಖಾಲಿ ಮಾಡಿ, ಪಾಠ ಶುರು ಆಗ್ಬೇಕು,” ಅಂದು ಕಿಟಕಿಯ ಕಡೆ ಹೋದರು.

ವಾರ್ಡನ್ ಅವ್ವನ ರಟ್ಟೆಗೆ ಕೈ ಹಾಕಿ ಎಳೆದ. ಸೋಪಿಗೆ ಸುಲಿದುಹೋದ ಅವಳ ಬೆರಳುಗಳು ಬೆಂಚಿನ ಅಂಚಿಗೆ ಕಚ್ಚಿಕೊಂಡವು. ಅವುಗಳ ಮೇಲೆ ಮಗಳು ತನ್ನ ಕೈ ಒತ್ತಿ ಹಿಡಿದಳು. ಅವನು ಇನ್ನೊಮ್ಮೆ ಎಳೆದ. ಬೆಂಚು ಇಬ್ಬರನ್ನೂ ಹೊತ್ತುಕೊಂಡೇ ಕಿರ್‍ರೆಂದು ಗೇಣುದ್ದ ಜರುಗಿತು.