ತಕ್ಕಡಿಯ ಎದುರಿನ ತೊಟ್ಟಿಲು

ಹಳೆ ಬಂದರಿನ ಅಕ್ಕಿ ಅಂಗಡಿಯ ಆಸ್ಯಮ್ಮನ ಮಗಳು ನಾಝಿಮಾ ಅವಳಿ ಮಕ್ಕಳನ್ನು ಹೆತ್ತಿದ್ದಳು. ಹೆಣ್ಣು ಮಗು ಆಯಿಶಾಳ ತೊಟ್ಟಿಲು ಒಳಗೆ, ಹೆಂಗಸರು ಹರಟುವ ಪಡಸಾಲೆಯಲ್ಲಿ. ಗಂಡು ಮಗು ಹಾಶಿಮನದ್ದು ಅಂಗಡಿಯ ಹಿಂಬದಿ ಕೋಣೆಯಲ್ಲಿ, ಹಿತ್ತಾಳೆ ತಕ್ಕಡಿಯ ಎದುರು. ಇದು ಅಜ್ಜಿಯ ಏರ್ಪಾಡು.

ಮೂರು ತಿಂಗಳಾಯಿತು. ಮುಖ ಕಂಡರೆ ಸಾಕು, ಆಯಿಶಾ ನಗುತ್ತಾಳೆ. ಹಾಶಿಂ ತಾಯಿಯ ಮುಖವನ್ನೂ ನೋಡದೆ ತಕ್ಕಡಿಯತ್ತ ತಿರುಗುತ್ತಾನೆ. ನಗುವೂ ಇಲ್ಲ, ಸದ್ದೂ ಇಲ್ಲ; ಮಗ ಕಿವುಡನೋ ಮೂಗನೋ ಎಂದು ನಾಝಿಮಾ ಹೆದರಿದ್ದಳು.

ಬಾಣಂತಿಯನ್ನು ನೋಡಲು ಬಂದ ನರ್ಸ್ ನೆಲ್ಲಿಬಾಯಿಯ ಮುಂದೆ ಅವಳು ಅತ್ತೇಬಿಟ್ಟಳು.

"ಅಳುವುದೆಂತಕ್ಕೆ?" ಆಸ್ಯಮ್ಮ ಗದರಿದಳು. "ಹೆಣ್ಣು ಮಕ್ಕಳು ಮುಖ ನೋಡ್ತವೆ, ಗಂಡು ಮಕ್ಕಳು ವಸ್ತು ನೋಡ್ತವೆ. ಪಣಂಬೂರಿನಲ್ಲಿ ಹೊಸ ಬಂದರು ಆಗ್ತಾ ಉಂಟು. ಇವ ಅಲ್ಲಿ ವ್ಯಾಪಾರ ಮಾಡುವವ!"

ನೆಲ್ಲಿಬಾಯಿ ಮಗುವಿನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಹಾಶಿಂ ಬೆಚ್ಚಿದ.

"ಕಿವಿ ಕೇಳ್ತದೆ. ಇವನ ಹತ್ತಿರ ಮಾತಾಡುವವರು ಯಾರು?"

ನೆಲ್ಲಿಬಾಯಿ ಮಗುವನ್ನು ಎತ್ತಿ ಅಜ್ಜಿಯ ಮಡಿಲಲ್ಲಿಟ್ಟರು.

"ಗಂಡು ಹೆಣ್ಣಿನ ನೋಟದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಇರಬಹುದು, ಆಸ್ಯಮ್ಮ. ಆದರೆ ಮುಖ ಬೇಡ ಅನ್ನುವ ಮಗುವನ್ನು ನಾನು ಕಂಡಿಲ್ಲ. ಹತ್ತಿರ ಹಿಡಿದು ಮಾತಾಡಿಸಿ ನೋಡುವ."

ಮೀನಿನವರ ಬಾಯನ್ನೇ ಮುಚ್ಚಿಸುವ ಆಸ್ಯಮ್ಮನಿಗೆ ಮೊಮ್ಮಗನೆದುರು ಮಾತೇ ಹೊರಡಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಚೌಕಾಶಿ.

"ಎಂತ ಮಾರಾಯ, ಬಂಗುಡೆಗೆ ಇಷ್ಟು ರೇಟಾ? ನಿನ್ನೆಯ ಮೀನು ಇದು! ಕಮ್ಮಿ ಮಾಡು."

ಹಾಶಿಂ ರೆಪ್ಪೆ ಮಿಟುಕಿಸದೆ ನೋಡಿದ.

"ಈಗ ನಿಲ್ಲಿಸಿ. ಅವನ ಸರದಿ," ಎಂದರು ನೆಲ್ಲಿಬಾಯಿ.

ಆಸ್ಯಮ್ಮ ಉಸಿರು ಬಿಗಿಹಿಡಿದು ಕಾದಳು. ಮಗುವಿನ ತುಟಿ ಅಲುಗಿತು. "ಊಂ..." ಎಂದ. ಮತ್ತೆ ಬೊಚ್ಚು ಬಾಯಿ ಅಗಲಿಸಿ ನಕ್ಕ! ಎಂಥ ಜಾಣ ಕಂದ! ನಾಝಿಮಾ ಅಳುತ್ತಲೇ ನಕ್ಕಳು.

ಅಜ್ಜಿಯೂ ದೊಡ್ಡ ಮನಸ್ಸಿನವಳೇ. ತನ್ನ ತಪ್ಪು ಗೊತ್ತಾದದ್ದೇ ತಾನಾಗಿ ತೊಟ್ಟಿಲ ಹಗ್ಗ ಬಿಚ್ಚಿದಳು.

"ವ್ಯಾಪಾರ ಕಲಿಯಲಿಕ್ಕೆ ತಕ್ಕಡಿ ಸಾಕು ಅಂತ ಇದ್ದೆ. ಮೊದಲು ಗಿರಾಕಿಯ ಮುಖ ನೋಡಬೇಕಲ್ಲ!"

ತೊಟ್ಟಿಲು ಪಡಸಾಲೆಗೆ, ತಂಗಿಯ ಪಕ್ಕಕ್ಕೆ ಬಂತು.

ತಾಯಂದಿರೇ, ಅಜ್ಜಿಯಂದಿರೇ, ಅಪ್ಪಂದಿರೇ, ಗಂಡಾಗಲಿ ಹೆಣ್ಣಾಗಲಿ, ಮಗುವನ್ನು ಎತ್ತಿಕೊಳ್ಳಿ, ಮಾತಾಡಿಸಿ, ಅದರ ಉತ್ತರಕ್ಕೆ ಕಾಯಿರಿ. ಮೂರು ತಿಂಗಳಾದರೂ ನಗದಿದ್ದರೆ ಆಸ್ಪತ್ರೆಗೆ ತೋರಿಸಿ. ನಿಮ್ಮ ಮನೆಯ ತೊಟ್ಟಿಲು ಈಗ ಯಾವ ಕಡೆಗೆ ಮುಖ ಮಾಡಿದೆ? ಒಮ್ಮೆ ಎದ್ದು ನೋಡಿ ಬನ್ನಿ.