ಪ್ರತಾಪರಾಯರ ಬಿಸಿ

೨೦೦೬ರ ಸಂಕ್ರಾಂತಿ. ಪರದೇಶದ ಕೆಲ್ಲಿವಿಲ್ ಬಡಾವಣೆಯ ಚಂದ್ರಪ್ರಭಾ ಆಂಟಿಯ ಮನೆಯಲ್ಲಿ ಎಳ್ಳುಬೆಲ್ಲ ಹಂಚುವಾಗ ಹೆಸರುಗಳ ಮಾತು ಬಂತು.

‘ಪ್ರತಾಪ್ ಅಂದ್ರ ಪರಾಕ್ರಮ ಆಂಟಿ,’ ಎಂದ ಅನಸೂಯಾಳ ಗಂಡ, ಎದೆ ಸೆಟೆಸಿ.

‘ಮೊದಲನೇ ಅರ್ಥ ಶಾಖ ಕಣಪ್ಪ. ಶತ್ರುಗಳನ್ನ ಸುಡೋನು ಅಂತ ಆಮೇಲೆ ಪರಾಕ್ರಮ ಆಯ್ತು,’ ಎಂದರು ಆಂಟಿ. ‘ಅನಸೂಯಾ, ನಿಮ್ಮ ಗದಗಿನ ಕಡೆ ಗಂಡನ ಹೆಸರನ್ನ ಪ್ರಾಸದಲ್ಲಿ ಸುತ್ತಿ ಒಡಪು ಹೇಳ್ತಾರಲ್ಲ, ಒಂದು ಹೇಳಮ್ಮ!’

ಅನಸೂಯಾ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು:

‘ಹಂಚಿನ ಬಿಸಿ ರೊಟ್ಟಿಗೆ ಗೊತ್ತು,
ಬಿಸಿಲಿನ ಬಿಸಿ ನೆತ್ತಿಗೆ ಗೊತ್ತು,
ಪ್ರತಾಪರಾಯರ ಬಿಸಿ ನನಗೊಬ್ಬಾಕಿಗೇ ಗೊತ್ತು!’

ಹೆಂಗಸರು ಬೇರೇನೋ ಅರ್ಥ ಮಾಡಿಕೊಂಡು ಬಿದ್ದು ಬಿದ್ದು ನಕ್ಕರು. ಪ್ರತಾಪನೂ ನಕ್ಕ. ನಿಜವಾದ ಅರ್ಥ ತಿಳಿದದ್ದು ಅವನೊಬ್ಬನಿಗೆ. ಶತ್ರುಗಳನ್ನು ಸುಡುವವನಂತೆ! ಆಫೀಸಿನಲ್ಲಿ ಮ್ಯಾನೇಜರನ ಎದುರು ಆ ಶೂರನ ದನಿಯೇ ಏಳುತ್ತಿರಲಿಲ್ಲ. ಅವನ ರಣರಂಗವೆಲ್ಲ ಅದೇ ನಗರದ ಲಿವರ್‌ಪೂಲ್ ಬಡಾವಣೆಯ ಎರಡು ಬೆಡ್‌ರೂಮಿನ ಬಾಡಿಗೆ ಮನೆ.

ಮನೆ ಸೇರಿದ್ದೇ ತಡ, ಜಡೆ ಹಿಡಿದು ಅವಳ ಮುಖವನ್ನು ಗೋಡೆಗೆ ಅಪ್ಪಳಿಸಿದ. ‘ಮಂದಿ ಮುಂದ ನನ್ನ ಮಾನ ಕಳೀತಿ ಏನ?’ ತುಟಿ ಸೀಳಿತು. ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಒಳಗೆ ಏನೋ ಲಟಕ್ಕೆಂದಿತು. ಆಮೇಲೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿದ. ಹಿಂದೊಮ್ಮೆ ಅದನ್ನು ಅವಳ ಬೆನ್ನಿಗೆ ಇಟ್ಟಿದ್ದ.

‘ಈ ಸಲ ಮಾರಿಗೆ,’ ಎಂದ, ಅವಳ ಮುಖ ನೋಡುತ್ತಾ.

ಅದು ಕಾಯುವಷ್ಟರಲ್ಲಿ ಅವಳು ತೆವಳುತ್ತಾ ಬಾತ್‌ರೂಮ್ ಸೇರಿ, ಚಿಲಕ ಹಾಕಿ, ಮೊಬೈಲಿನಿಂದ ಪೊಲೀಸರಿಗೆ ಫೋನ್ ಮಾಡಿದಳು. ಆ ತುದಿಯ ಹೆಂಗಸು ವಿಳಾಸ ಕೇಳಿದಳು. ಹೇಳಿದಳು. ಆಕೆ ಹೊಡೆಯುತ್ತಿರುವವನ ಹೆಸರು ಕೇಳಿದಳು.

‘ಮೈ ಹಸ್ಬೆಂಡ್.’

ಹೆಸರು ಬೇಕು ಎಂದಳು ಆಕೆ.

ಗಂಡನ ಹೆಸರನ್ನು ಬರಿದೇ ಬಾಯಲ್ಲಿ ಆಡಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅನಸೂಯಾಳ ತಾಯಿ ಹೇಳಿಕೊಟ್ಟಿದ್ದರು. ಒಡಪಿನಲ್ಲಾದರೆ ದೋಷವಿಲ್ಲ. ಮದುವೆಯಾದಾಗಿನಿಂದ ಅವಳು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಒದೆ ತಿಂದ ದಿನವೂ ಅವನ ಆಯುಷ್ಯವನ್ನು ಜೋಪಾನ ಮಾಡಿದ ಹುಚ್ಚಿ ಅವಳು.

ಆಚೆಯಿಂದ ಅವನು ಒದ್ದ ರಭಸಕ್ಕೆ ಬಾಗಿಲ ಹಲಗೆ ಬಿರಿಯಿತು.

‘ಪ್ರತಾಪ್,’ ಎಂದಳು.

‘ಸಾರಿ, ಇನ್ನೊಮ್ಮೆ?’

‘ಪ್ರತಾಪ್.’

ಕಾರು ಹೊರಟಿದೆ, ಫೋನ್ ಇಡಬೇಡಿ ಎಂದಳು ಆಕೆ. ಅನಸೂಯಾ ಬಾಗಿಲಿಗೆ ಬೆನ್ನು ಒತ್ತಿ ಕೂತು, ಬಾಯಲ್ಲಿನ ರಕ್ತ ಉಗಿದಳು. ಈಗ ಯಾರೂ ಹೆಸರು ಕೇಳಿರಲಿಲ್ಲ. ಆದರೂ ಆಚೆ ನಿಂತವನಿಗೆ ಕೇಳಿಸುವಂತೆ, ಒಂದೊಂದು ಸಲಕ್ಕೂ ಅವನ ಒಂದೊಂದು ವರ್ಷ ಕಡಿಮೆಯಾಗಲಿ ಎಂದು ಹೇಳುತ್ತಲೇ ಹೋದಳು: ‘ಪ್ರತಾಪ್. ಪ್ರತಾಪ್. ಪ್ರತಾಪ್.’